ಕೀಲುಬೇನೆ ಮತ್ತು ವೈದ್ಯರ ಅರಿವು: ಒಂದು ಚಾರಿತ್ರಿಕ ವಿವೇಚನೆ

ನಮ್ಮ ನಾಡಿನ ಆಧುನಿಕ ವೈದ್ಯಕೀಯ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಸಾಂಕ್ರಾಮಿಕ ರೋಗಗಳ ಚರಿತ್ರೆಯೇ ಆಗಿವೆ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗು, ಊರೂರುಗಳನ್ನು ಬರಿದು ಮಾಡಿದ ಕಾಲರಾ, ಸಿಡುಬು, ಮಲೇರಿಯಾಗಳು ಸರ್ಕಾರದ ಕಡತಗಳಲ್ಲಿಯೂ ಜನಪದರ ನೆನಪಿನಲ್ಲಿಯೂ ಸ್ಥಾನ ಪಡೆದಿವೆ. ಸಾವಿನ ಲೆಕ್ಕವಿದ್ದಲ್ಲಿ ದಾಖಲೆ ಇರುತ್ತದೆ. ಆದರೆ ಕೊಲ್ಲದೆ ಕುಂದಿಸುವ, ಬದುಕನ್ನು ಕಸಿಯದೆ ಬದುಕುವ ಶಕ್ತಿಯನ್ನು ಕಸಿಯುವ ರೋಗಗಳಿಗೆ ಇಂತಹ ದಾಖಲೆಗಳು ವಿರಳ. ಕೀಲು, ಸ್ನಾಯು ಮತ್ತು ಮೂಳೆಗಳನ್ನು ಬಾಧಿಸುವ ಸಂಧಿವಾತ ವರ್ಗದ ರೋಗಗಳು ಈ ಗುಂಪಿಗೆ ಸೇರಿದವು. ಇಂತಹ ರೋಗಗಳ ವಿಷಯದಲ್ಲಿ ಭಾರತದ ವೈದ್ಯರ ತಿಳಿವಳಿಕೆ ಹೇಗೆ ರೂಪುಗೊಂಡಿತು, ಎಲ್ಲೆಲ್ಲಿ ಕುಂಠಿತವಾಯಿತು, ಅದರಿಂದ ರೋಗಿಗೆ ಆದದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕರ್ನಾಟಕದ ಎರಡು ಪ್ರಸಂಗಗಳನ್ನು ಈ ವಿವೇಚನೆಗೆ ವಿಶೇಷವಾಗಿ ಬಳಸಿಕೊಳ್ಳಲಾಗಿದೆ.

ಹೆಸರಿನ ಪ್ರಶ್ನೆ

ರೋಗದ ಅರಿವು ಹೆಸರಿನಿಂದ ಆರಂಭವಾಗುತ್ತದೆ. ಕನ್ನಡ ಜನರ ಆಡುಮಾತಿನಲ್ಲಿ ಕೀಲಿನ ನೋವುಗಳೆಲ್ಲವೂ ‘ವಾತ’ ಇಲ್ಲವೆ ‘ವಾಯು’. ಮುಪ್ಪಿನಲ್ಲಿ ಸವೆದ ಮಂಡಿಯೂ ವಾತವೇ, ಮೂವತ್ತರ ಹರೆಯದ ಹೆಂಗಸಿನ ಬಾತ ಬೆರಳ ಗೆಣ್ಣುಗಳೂ ವಾತವೇ. ಆದರೆ ಪ್ರಾಚೀನ ವೈದ್ಯಶಾಸ್ತ್ರ ಇಷ್ಟು ಸ್ಥೂಲವಾಗಿರಲಿಲ್ಲ ಎಂಬುದು ಗಮನಾರ್ಹ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ವಾತವ್ಯಾಧಿಗಳಿಗೆ ಒಂದು ಅಧ್ಯಾಯವನ್ನೂ ವಾತರಕ್ತಕ್ಕೆ ಇನ್ನೊಂದು ಅಧ್ಯಾಯವನ್ನೂ ಮೀಸಲಿಟ್ಟಿದೆ. ಕ್ರಿ.ಶ. 7-8ನೆಯ ಶತಮಾನದವನೆಂದು ವಿದ್ವಾಂಸರು ಭಾವಿಸುವ ಮಾಧವಕರನು ತನ್ನ ‘ಮಾಧವನಿದಾನ’ದಲ್ಲಿ ಆಮವಾತವೆಂಬ ರೋಗವನ್ನು ಪ್ರತ್ಯೇಕವಾಗಿ ಎತ್ತಿಕೊಂಡು, ಕೈಕಾಲುಗಳ ಕೀಲುಗಳು ಊದಿಕೊಳ್ಳುವುದನ್ನು, ಚೇಳು ಕುಟುಕಿದಂತಹ ವೇದನೆಯನ್ನು, ಹಸಿವು ಕುಂದಿ ಜ್ವರ ಬರುವುದನ್ನು ವಿವರಿಸಿದ್ದಾನೆ. ಅನಂತರದ ಗ್ರಂಥಗಳು ಇದಕ್ಕೆ ಗುಗ್ಗುಳವನ್ನೂ ಹರಳೆಣ್ಣೆಯನ್ನೂ ಮುಖ್ಯ ಔಷಧಗಳಾಗಿ ಹೇಳಿವೆ. ಕನ್ನಡದಲ್ಲಿಯೂ 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ನಾಟಕ ಕಲ್ಯಾಣಕಾರಕ’ದಿಂದ ಮೊದಲ್ಗೊಂಡು ವೈದ್ಯಗ್ರಂಥಗಳ ಪರಂಪರೆಯೊಂದು ಬೆಳೆದು ಬಂದಿದೆ.

ಯುರೋಪಿನಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ. ‘ರೂಮ್ಯಾಟಿಸಂ’ ಎಂಬ ಪದದ ಮೂಲ ‘ಹರಿವು’ ಎಂಬ ಅರ್ಥದ ಗ್ರೀಕ್ ಶಬ್ದ. ದೇಹದ ದುಷ್ಟ ದ್ರವ ಹರಿದು ಕೀಲಿನಲ್ಲಿ ನಿಲ್ಲುತ್ತದೆಂಬುದು ಅದರ ಹಿಂದಿನ ಕಲ್ಪನೆ. ಫ್ರಾನ್ಸಿನ ಗಿಯೋಮ್ ದ ಬಾಯೂ ಎಂಬ ವೈದ್ಯನ ಕೃತಿ 1642ರಲ್ಲಿ ಪ್ರಕಟವಾದ ಮೇಲೆ ಈ ಪದ ಕೀಲುಬೇನೆಗೆ ಅಂಟಿಕೊಂಡಿತು. ಗೌಟ್ ಮತ್ತು ರೂಮ್ಯಾಟಿಕ್ ಜ್ವರಗಳಿಂದ ಭಿನ್ನವಾದ ಮತ್ತೊಂದು ರೋಗವಿದೆಯೆಂದು ಸ್ಪಷ್ಟಪಡಿಸಿ ಅದಕ್ಕೆ ‘ರೂಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಇಂಗ್ಲೆಂಡಿನ ಆಲ್‌ಫ್ರೆಡ್ ಬೇರಿಂಗ್ ಗ್ಯಾರೊಡ್ ಕೊಟ್ಟದ್ದು 1859ರಲ್ಲಿ. ಎರಡೂ ಪರಂಪರೆಗಳಲ್ಲಿ ಶಾಸ್ತ್ರ ರೋಗಗಳನ್ನು ಬಿಡಿಸಿ ನೋಡಿದರೂ ವ್ಯವಹಾರ ಅವನ್ನು ಮತ್ತೆ ಒಂದೇ ಹೆಸರಿನಡಿ ಕೂಡಿಸಿತು ಎಂಬುದು ಇಲ್ಲಿ ಮುಖ್ಯ. ರೋಗಿ ‘ವಾತ’ ಎಂದು ಹೇಳಿದಾಗ ವೈದ್ಯನೂ ಅದನ್ನೇ ರೋಗನಿರ್ಣಯವೆಂದು ಒಪ್ಪಿಕೊಂಡರೆ, ಮುಂದಿನ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ವೈದ್ಯಶಿಕ್ಷಣದ ಒಲವುಗಳು

ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಬೆಂಗಳೂರಿನ ವೈದ್ಯಕೀಯ ಶಾಲೆ ಆರಂಭವಾಗಿ ಎಲ್.ಎಂ.ಪಿ. ವೈದ್ಯರನ್ನು ಸಿದ್ಧಗೊಳಿಸತೊಡಗಿತು. 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿಯೇ ಸ್ಥಾಪಿತವಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಸ್ವಾತಂತ್ರ್ಯಾನಂತರ ಮಣಿಪಾಲ (1953), ಬೆಂಗಳೂರು (1955), ಹುಬ್ಬಳ್ಳಿಗಳಲ್ಲಿ (1957) ಕಾಲೇಜುಗಳು ತಲೆಯೆತ್ತಿದವು. ಈ ಸಂಸ್ಥೆಗಳ ಮುಂದಿದ್ದ ಕರ್ತವ್ಯ ಸ್ಪಷ್ಟವಾಗಿತ್ತು: ಸೋಂಕು, ಹೆರಿಗೆ, ಅಪಘಾತ, ಕ್ಷಯ. 1946ರ ಭೋರ್ ಸಮಿತಿಯ ವರದಿಯೂ ದೇಶದ ಆರೋಗ್ಯ ವ್ಯವಸ್ಥೆಯನ್ನು ಈ ತುರ್ತುಗಳ ಬೆಳಕಿನಲ್ಲಿಯೇ ಕಂಡಿತು. ಬಡದೇಶವೊಂದು ತನ್ನ ಮಿತ ಸಂಪನ್ಮೂಲವನ್ನು ಕೊಲ್ಲುವ ರೋಗಗಳಿಗೆ ಮೊದಲು ವಿನಿಯೋಗಿಸಿದ್ದು ತಪ್ಪೆನ್ನಲಾಗದು. ಆದರೆ ಅದರ ಫಲವಾಗಿ ಕೀಲುಬೇನೆಯ ಬೋಧನೆ ಹಾಸಿಗೆಯ ಬದಿಯ ಪಾಠದಿಂದ ದೂರ ಉಳಿಯಿತು. ಕೀಲುಬೇನೆಯವರು ಹೊರರೋಗಿ ವಿಭಾಗಕ್ಕೆ ಬಂದು ಮಾತ್ರೆ ಪಡೆದು ಹೋಗುವವರು, ವಾರ್ಡಿನಲ್ಲಿ ಮಲಗುವವರಲ್ಲ. ವಿದ್ಯಾರ್ಥಿಯ ಕಲಿಕೆ ವಾರ್ಡಿನಲ್ಲಿ ನಡೆಯುತ್ತಿತ್ತು.

ಇದಕ್ಕೆ ಒಂದು ಅಪವಾದ ರೂಮ್ಯಾಟಿಕ್ ಜ್ವರ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ಅನಂತರ ಮಕ್ಕಳಲ್ಲಿ ಕಾಣುವ ಈ ರೋಗ ಕೀಲುಗಳನ್ನು ಕೆಲವು ದಿನ ಬಾಧಿಸಿ ಹೋಗುತ್ತದೆ, ಹೃದಯದ ಕವಾಟಗಳನ್ನು ಮಾತ್ರ ಶಾಶ್ವತವಾಗಿ ಕೆಡಿಸುತ್ತದೆ. 1944ರಲ್ಲಿ ಡಕೆಟ್ ಜೋನ್ಸ್ ರೂಪಿಸಿದ ರೋಗನಿರ್ಣಯ ಸೂತ್ರಗಳನ್ನು ಭಾರತದ ವೈದ್ಯ ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಮಾಡಿದರು. ರೋಗ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಕೊಡುವ ಬೆಂಜಥಿನ್ ಪೆನಿಸಿಲಿನ್ ಚುಚ್ಚುಮದ್ದು ಅಸಂಖ್ಯ ಮಕ್ಕಳ ಹೃದಯವನ್ನು ಉಳಿಸಿತು. ಬಡತನ ಮತ್ತು ಇಕ್ಕಟ್ಟಾದ ವಸತಿಗಳ ರೋಗವಾದ ಇದರ ಅರಿವು ಭಾರತೀಯ ವೈದ್ಯಶಿಕ್ಷಣದ ನಿಜವಾದ ಸಾಧನೆ.

ಆದರೆ ಈ ಸಾಧನೆಗೆ ಒಂದು ನೆರಳೂ ಇತ್ತು. ಚೆನ್ನಾಗಿ ಕಲಿತ ಒಂದೇ ರೋಗ ಇತರ ರೋಗಗಳ ಸ್ಥಾನವನ್ನೂ ಆಕ್ರಮಿಸಿತು. ಯಾವ ವಯಸ್ಸಿನವರು ಕೀಲುನೋವೆಂದು ಬಂದರೂ ಸ್ಟ್ರೆಪ್ಟೊಕಾಕಸ್ ಸೋಂಕಿನ ಗುರುತಾದ ಎ.ಎಸ್.ಒ. ಪರೀಕ್ಷೆ ಮಾಡಿಸುವುದು, ಅದು ಹೆಚ್ಚಿದ್ದರೆ ಪೆನಿಸಿಲಿನ್ ಆರಂಭಿಸುವುದು ರೂಢಿಯಾಯಿತು. ಆ ಪರೀಕ್ಷೆ ಹೇಳುವುದು ಹಿಂದೆ ಸೋಂಕು ತಗುಲಿತ್ತೆಂಬುದನ್ನಷ್ಟೇ. ರೂಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆಯ ಕಥೆಯೂ ಇದೇ. 1940ರಲ್ಲಿ ನಾರ್ವೆಯ ವಾಲರ್, 1948ರಲ್ಲಿ ಅಮೆರಿಕದ ರೋಸ್ ಗುರುತಿಸಿದ ಈ ಅಂಶ ರೂಮಟಾಯ್ಡ್ ಸಂಧಿವಾತದವರಲ್ಲಿ ಅನೇಕರಿಗೆ ಇರುತ್ತದೆ, ಎಲ್ಲರಿಗೂ ಅಲ್ಲ. ಕ್ಷಯ, ಕುಷ್ಠಗಳಂತಹ ದೀರ್ಘ ಸೋಂಕುಗಳಲ್ಲಿಯೂ, ಕೆಲವು ಆರೋಗ್ಯವಂತರಲ್ಲಿಯೂ ಅದು ಕಾಣಬಹುದು. ರೋಗಿಯನ್ನು ಮುಟ್ಟಿ ನೋಡುವುದರ ಬದಲು ಪ್ರಯೋಗಾಲಯದ ಚೀಟಿಯನ್ನು ನೋಡಿದಲ್ಲಿ ರೋಗವಿಲ್ಲದವರು ರೋಗಿಗಳಾದರು, ರೋಗವಿದ್ದವರು ‘ಏನೂ ಇಲ್ಲ’ ಎನಿಸಿಕೊಂಡು ಮನೆಗೆ ಮರಳಿದರು.

ಎರಡು ಔಷಧಗಳ ಚರಿತ್ರೆ

ವೈದ್ಯರ ಅರಿವು ಔಷಧಗಳ ಮೂಲಕವೂ ರೂಪುಗೊಳ್ಳುತ್ತದೆ. 1948ರ ಸೆಪ್ಟೆಂಬರ್ 21ರಂದು ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಕೊಡಲು ಆರಂಭಿಸಿದನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಶ್‌ಸ್ಟೈನ್‌ರಿಗೆ ನೊಬೆಲ್ ಬಹುಮಾನ ಸಂದಿತು. ದೀರ್ಘ ಕಾಲ ಕೊಟ್ಟರೆ ಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ, ಸೋಂಕು ಮುಂತಾದ ಅಪಾಯಗಳಿವೆಯೆಂಬ ಅರಿವು ಬೇಗನೆ ಬಂದಿತಾದರೂ, ಅಗ್ಗದ ಸ್ಟಿರಾಯ್ಡ್ ಮಾತ್ರೆಗಳು ನಮ್ಮ ಊರುಗಳ ಔಷಧದಂಗಡಿಗಳನ್ನು ತಲುಪುವಾಗ ಆ ಎಚ್ಚರಿಕೆ ಜೊತೆಯಲ್ಲಿ ಬರಲಿಲ್ಲ. ಒಂದೇ ದಿನದಲ್ಲಿ ನೋವು ಇಳಿಸುವ ವೈದ್ಯನ ‘ಕೈಗುಣ’ ಊರೆಲ್ಲ ಹಬ್ಬುತ್ತದೆ, ಮೂರು ತಿಂಗಳು ತಾಳ್ಮೆ ಬೇಡುವ ಚಿಕಿತ್ಸೆಗೆ ಅಂತಹ ಕೀರ್ತಿಯಿಲ್ಲ. ಚೀಟಿಯಿಲ್ಲದೆ ಮಾರಾಟವಾದ ಮಾತ್ರೆ, ಹೆಸರಿಲ್ಲದ ಪುಡಿಗಳಲ್ಲಿ ಬೆರೆತ ಸ್ಟಿರಾಯ್ಡ್, ಊದಿದ ಮುಖವನ್ನು ‘ಮೈ ತುಂಬಿದೆ’ ಎಂದು ಸಂತೋಷಪಟ್ಟ ಬಂಧುಗಳು: ಇವೆಲ್ಲವೂ ಈ ಚರಿತ್ರೆಯ ಭಾಗಗಳು.

ಎರಡನೆಯ ಔಷಧದ ಚರಿತ್ರೆ ಇನ್ನೂ ಮನನೀಯವಾದುದು. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯಗಳ ಸಂಶೋಧನಾ ನಿರ್ದೇಶಕರಾಗಿದ್ದಾಗ, ಅವರ ತಂಡ ಫೋಲಿಕ್ ಆಮ್ಲದ ಕಾರ್ಯವನ್ನು ತಡೆಯುವ ಅಮಿನಾಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್‌ಗಳನ್ನು ರೂಪಿಸಿತು. ಮಕ್ಕಳ ರಕ್ತಕ್ಯಾನ್ಸರಿಗೆ ಮೊದಲು ಬಳಕೆಯಾದ ಈ ಬಗೆಯ ಔಷಧವನ್ನು 1951ರಲ್ಲಿ ಗಬ್ನರ್ ಎಂಬ ವೈದ್ಯ ರೂಮಟಾಯ್ಡ್ ಸಂಧಿವಾತದವರಿಗೆ ಕೊಟ್ಟು ಗುಣವನ್ನು ಕಂಡನು. ಆದರೆ ಕಾರ್ಟಿಸೋನಿನ ಅಬ್ಬರದಲ್ಲಿ ಆ ವರದಿ ಬದಿಗೆ ಸರಿಯಿತು. 1985ರ ವೇಳೆಗೆ ಸರಿಯಾದ ಪ್ರಯೋಗಗಳು ನಡೆದು, 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ರೋಗಕ್ಕೆ ಮೆಥೊಟ್ರೆಕ್ಸೇಟನ್ನು ಒಪ್ಪಿತು. ಇಂದು ಇದು ರೂಮಟಾಯ್ಡ್ ಸಂಧಿವಾತ ಚಿಕಿತ್ಸೆಯ ಆಧಾರಸ್ತಂಭ, ಮೇಲಾಗಿ ಅಗ್ಗದ ಔಷಧ. ಸುಬ್ಬರಾವ್ 1948ರಲ್ಲಿಯೇ ನಿಧನರಾದರು. ತಮ್ಮ ತಂಡದ ಔಷಧ ತಮ್ಮ ನಾಡಿನ ಬಡ ಕೀಲುರೋಗಿಗಳಿಗೆ ಇಷ್ಟೊಂದು ಒದಗುತ್ತದೆಂದು ಅವರು ಊಹಿಸಿರಲಾರರು.

ಈ ಔಷಧವು ವೈದ್ಯರ ಅರಿವಿನ ಒರೆಗಲ್ಲೂ ಹೌದು. ಇದನ್ನು ವಾರಕ್ಕೊಮ್ಮೆ ಮಾತ್ರ ಕೊಡಬೇಕು, ಜೊತೆಗೆ ಫೋಲಿಕ್ ಆಮ್ಲ ಕೊಡಬೇಕು, ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಆಗಾಗ ಮಾಡಿಸಬೇಕು, ಗರ್ಭಿಣಿಯರಿಗೆ ಕೊಡಲೇಬಾರದು. ‘ವಾರಕ್ಕೊಮ್ಮೆ’ ಎಂಬ ಸೂಚನೆ ‘ದಿನಕ್ಕೊಮ್ಮೆ’ ಎಂದಾದರೆ ಪ್ರಾಣಕ್ಕೇ ಸಂಚಕಾರ. ಓದುಬರಹವಿಲ್ಲದ ರೋಗಿಗೆ ವಾರದ ದಿನವನ್ನು ಹೆಸರಿಸಿ, ಸಂತೆಯ ದಿನಕ್ಕೋ ದೇವರ ವಾರಕ್ಕೋ ಹೊಂದಿಸಿ ಹೇಳುವ ವ್ಯವಧಾನವೂ ವೈದ್ಯಜ್ಞಾನದ ಅಂಗವೆಂದು ಇಲ್ಲಿ ತಿಳಿಯಬೇಕಾಗುತ್ತದೆ.

ಸಮೀಕ್ಷೆಗಳು ತೆರೆದ ಕಣ್ಣು

ಉಷ್ಣದೇಶಗಳಲ್ಲಿ ರೂಮಟಾಯ್ಡ್ ಸಂಧಿವಾತ ಅಪರೂಪ, ಇದು ಚಳಿದೇಶಗಳ ರೋಗ ಎಂಬ ಭಾವನೆ ಬಹುಕಾಲ ಉಳಿದಿತ್ತು. ಇದನ್ನು ಅಲುಗಿಸಿದ್ದು ಕ್ಷೇತ್ರ ಸಮೀಕ್ಷೆಗಳು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನಗಳ ಸಂಸ್ಥೆಯಲ್ಲಿ ಈ ಶಾಖೆಗೆ ಅಡಿಪಾಯ ಹಾಕಿದ ಡಾ. ಎ. ಎನ್. ಮಾಳವೀಯ ಮತ್ತು ಸಂಗಡಿಗರು ಹರಿಯಾಣದ ಬಲ್ಲಬ್‌ಗಢ ಪ್ರದೇಶದಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ವಯಸ್ಕರಲ್ಲಿ ಈ ರೋಗದ ಪ್ರಮಾಣ ಶೇ. 0.75. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಸಂಧಿವಾತ ಸಂಘಟನೆಗಳು 1981ರಲ್ಲಿ ರೂಪಿಸಿದ ‘ಕೋಪ್‌ಕಾರ್ಡ್’ ಯೋಜನೆಯಡಿ ಡಾ. ಅರವಿಂದ ಚೋಪ್ರಾ ಅವರು 1996ರಲ್ಲಿ ಮಹಾರಾಷ್ಟ್ರದ ಭಿಗ್ವಾಣ್ ಗ್ರಾಮದಲ್ಲಿ 4092 ವಯಸ್ಕರನ್ನು ಸಮೀಕ್ಷಿಸಿದಾಗ ಶೇ. 18.2ರಷ್ಟು ಜನರಲ್ಲಿ ಕೀಲು-ಸ್ನಾಯುಗಳ ಬೇನೆ ಕಂಡುಬಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಮೈಕೈನೋವು, ಸ್ನಾಯುನೋವುಗಳಂತಹ ಸಾಮಾನ್ಯ ತೊಂದರೆ. ಹಲವರದು ಕೀಲುಸವೆತ. ಸುಮಾರು ಶೇ. 10ರಷ್ಟು ಮಂದಿಯದು ಮಾತ್ರ ಉರಿಯೂತದ ಸಂಧಿವಾತ.

ಈ ಅಂಕಿಅಂಶಗಳ ಮಹತ್ವವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎರಡು ಲಕ್ಷ ವಯಸ್ಕರಿರುವ ತಾಲ್ಲೂಕಿಗೆ ಶೇ. 0.5ರಿಂದ 0.75ರ ಪ್ರಮಾಣವನ್ನು ಅನ್ವಯಿಸಿದರೆ ಒಂದು ಸಾವಿರದಿಂದ ಒಂದೂವರೆ ಸಾವಿರ ಮಂದಿ ರೂಮಟಾಯ್ಡ್ ರೋಗಿಗಳಿರಬೇಕು. ಅವರೆಲ್ಲರೂ ಮೊದಲು ಹೋಗುವುದು ತಜ್ಞರ ಬಳಿಗಲ್ಲ, ಊರಿನ ವೈದ್ಯರ ಬಳಿಗೆ. ಕೀಲುನೋವೆಂದು ಬರುವ ಹತ್ತು ಜನರಲ್ಲಿ ಒಂಬತ್ತು ಜನರಿಗೆ ನೋವಿನ ಮಾತ್ರೆ, ವ್ಯಾಯಾಮ, ಧೈರ್ಯದ ಮಾತು ಸಾಕಾಗಬಹುದು. ಹತ್ತನೆಯವರನ್ನು ಗುರುತಿಸುವುದೇ ವೈದ್ಯನ ನಿಜವಾದ ಕೆಲಸ. ಏಕೆಂದರೆ ಉರಿಯೂತದ ಸಂಧಿವಾತದಲ್ಲಿ ಮೂಳೆಯ ಸವಕಳಿ ಮೊದಲ ಎರಡು ವರ್ಷಗಳಲ್ಲಿಯೇ ಆರಂಭವಾಗುತ್ತದೆ. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಮಾತ್ರೆಯೂ ನೇರಗೊಳಿಸದು. ಇದಕ್ಕೆ ಬೇಕಾದ ಜ್ಞಾನ ದುಬಾರಿಯಾದುದಲ್ಲ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಕೈಬೆರಳುಗಳ ಬುಡದ ಗೆಣ್ಣುಗಳು ಎರಡೂ ಕೈಗಳಲ್ಲಿ ಊದಿವೆಯೇ, ಆರು ವಾರಗಳಿಂದ ಹೀಗೆಯೇ ಇದೆಯೇ, ಕೆಲಸ ಮಾಡಿದರೆ ನೋವು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬ ನಾಲ್ಕು ಪ್ರಶ್ನೆಗಳು ಬಹುಪಾಲು ಉತ್ತರವನ್ನು ಕೊಡುತ್ತವೆ.

ಪ್ರಶ್ನೆಗಳೂ ನೆಲಕ್ಕೆ ಒಗ್ಗಬೇಕಾಗುತ್ತದೆ. ರೋಗಿಯ ಕಾರ್ಯಕ್ಷಮತೆಯನ್ನು ಅಳೆಯಲು ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ 1980ರಲ್ಲಿ ಪ್ರಕಟವಾದ ಪ್ರಶ್ನಾವಳಿ ಅಲ್ಲಿನ ಮನೆವಾರ್ತೆಯನ್ನು ಆಧರಿಸಿತ್ತು. 2002ರಲ್ಲಿ ಭಾರತೀಯ ವೈದ್ಯರು ಅದರ ದೇಶೀಯ ರೂಪವನ್ನು ಸಿದ್ಧಪಡಿಸಿದಾಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು ಅಳತೆಯ ಭಾಗಗಳಾದವು. ನಮ್ಮ ಹಳ್ಳಿಯ ಹೆಂಗಸು ‘ಮುದ್ದೆ ತೊಳಸಲಾಗುವುದಿಲ್ಲ, ಹಾಲು ಕರೆಯಲಾಗುವುದಿಲ್ಲ’ ಎಂದು ಹೇಳುವ ಮಾತು ಯಾವ ರಕ್ತಪರೀಕ್ಷೆಗೂ ಕಡಿಮೆಯಲ್ಲದ ಸಾಕ್ಷ್ಯ. ಪುರುಷರಿಗಿಂತ ಸ್ತ್ರೀಯರಲ್ಲಿಯೇ ಈ ರೋಗ ಹೆಚ್ಚು. ಮನೆಗೆಲಸದ ನೋವನ್ನು ನೋವೆಂದು ಎಣಿಸದ ಸಮಾಜದಲ್ಲಿ ಆಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ತಡವಾಗಿ.

ಕರ್ನಾಟಕದ ಎರಡು ಪ್ರಸಂಗಗಳು

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ವಿಚಿತ್ರ ಕೀಲುರೋಗವೊಂದು ಹೊರಜಗತ್ತಿನ ಗಮನಕ್ಕೆ ಬಂದಿತು. ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲುಗಳು ಕೆಟ್ಟು ಜನ ಊರುಗೋಲು ಹಿಡಿದರು, ಕೆಲವರು ತೆವಳುವ ಸ್ಥಿತಿಗೆ ಬಂದರು, ಇನ್ನು ಕೆಲವರ ಬೆಳವಣಿಗೆಯೇ ಕುಂಠಿತವಾಯಿತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಮತ್ತು ಅದೇ ಗದ್ದೆಯ ಏಡಿ, ಮೀನುಗಳ ಸೇವನೆಯ ಬಗೆಗೆ ಮೊದಲು ಸಂಶಯ ಮೂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು 1977ರಲ್ಲಿ ಪ್ರಕಟಿಸಿದ ವರದಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ಕರೆದಿತು. 1994ರಲ್ಲಿ ಪ್ರಕಟವಾದ ಕ್ಷಕಿರಣ ಅಧ್ಯಯನ ಇದು ಮೂಳೆಗಳ ಬೆಳವಣಿಗೆಗೆ ಸಂಬಂಧಿಸಿದ, ಅನುವಂಶೀಯವಾದ ಹೊಸ ಬಗೆಯ ದೋಷವೆಂದು ನಿರೂಪಿಸಿತು.

ಈ ಪ್ರಸಂಗದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪಠ್ಯಪುಸ್ತಕದಲ್ಲಿಲ್ಲದ ರೋಗ ನಮ್ಮ ಊರಿನಲ್ಲಿರಬಹುದು. ಅದನ್ನು ಕಾಣಲು ಸ್ಥಳೀಯ ವೈದ್ಯನ ಕಣ್ಣು ಬೇಕು. ಎರಡನೆಯದಾಗಿ, ಜ್ಞಾನ ಬೆಳೆದ ಮಾತ್ರಕ್ಕೆ ಆರೈಕೆ ಬೆಳೆಯುವುದಿಲ್ಲ. ರೋಗಕ್ಕೆ ಊರಿನ ಹೆಸರು ಶಾಶ್ವತವಾಗಿ ಅಂಟಿತು, ತಂಡಗಳು ಬಂದು ರಕ್ತದ ಮಾದರಿ ಒಯ್ದವು. ಆದರೆ ರೋಗದ ಮೂಲವನ್ನು ಗುಣಪಡಿಸುವ ಔಷಧ ದೊರೆಯಲಿಲ್ಲ. ಅಂಗಮರ್ದನ, ಊರುಗೋಲು, ಕೀಲುಬದಲಿ ಶಸ್ತ್ರಚಿಕಿತ್ಸೆ, ಜೀವನಾಧಾರ ಇವೇ ಅವರಿಗೆ ಬೇಕಾದ ಆರೈಕೆ.

ಎರಡನೆಯ ಪ್ರಸಂಗ ಚಿಕೂನ್‌ಗುನ್ಯಾ. 1952ರಲ್ಲಿ ಆಫ್ರಿಕಾದ ಟಾಂಗಾನ್ಯಿಕದಲ್ಲಿ ಗುರುತಿಸಲಾದ, 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡ ಈ ಸೊಳ್ಳೆರೋಗ 1973ರ ಅನಂತರ ದೇಶದಲ್ಲಿ ಹೆಚ್ಚುಕಡಿಮೆ ಮರೆತೇಹೋಗಿತ್ತು. 2005-06ರಲ್ಲಿ ಅದು ಮರಳಿ ಬಂದಾಗ ಅತಿ ಹೆಚ್ಚು ಬಾಧೆಗೊಳಗಾದ ರಾಜ್ಯ ಕರ್ನಾಟಕ. 2006ರಲ್ಲಿ ಇಲ್ಲಿ ಸುಮಾರು ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ವರದಿಯಾದವು. ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಉಳಿದ ಕೀಲುನೋವು ಊರಿನ ವೈದ್ಯರ ಮುಂದೆ ಹೊಸ ಸಮಸ್ಯೆಯನ್ನಿಟ್ಟಿತು. ಇದು ತಾನಾಗಿ ಶಮನವಾಗುವ ನೋವೋ, ರೂಮಟಾಯ್ಡ್ ಸಂಧಿವಾತವೋ, ಎಷ್ಟು ಕಾಲ ಕಾಯಬೇಕು, ಯಾವಾಗ ತಜ್ಞರ ಬಳಿಗೆ ಕಳುಹಿಸಬೇಕು ಎಂಬ ಪ್ರಶ್ನೆಗಳಿಗೆ ಹೊರದೇಶದ ಗ್ರಂಥಗಳಲ್ಲಿ ಸಿದ್ಧ ಉತ್ತರವಿರಲಿಲ್ಲ. ಅನುಭವದಿಂದಲೇ ಉತ್ತರ ರೂಪುಗೊಳ್ಳಬೇಕಾಯಿತು. ಒಂದು ತಲೆಮಾರಿನ ವೈದ್ಯರು ಕೀಲನ್ನು ಮುಟ್ಟಿ ನೋಡಲು ಕಲಿತದ್ದು ಈ ಸಾಂಕ್ರಾಮಿಕದ ಕಾಲದಲ್ಲಿ ಎಂದರೆ ಅತಿಶಯವಾಗದು.

ಶಾಖೆಯ ಬೆಳವಣಿಗೆ ಮತ್ತು ಉಳಿದ ಅಂತರ

ಕಳೆದ ನಾಲ್ಕು ದಶಕಗಳಲ್ಲಿ ಸಂಧಿವಾತ ಶಾಸ್ತ್ರ ಭಾರತದಲ್ಲಿ ಪ್ರತ್ಯೇಕ ಶಾಖೆಯಾಗಿ ನೆಲೆಗೊಂಡಿದೆ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯಂತಹ ಕೇಂದ್ರಗಳು ಉನ್ನತ ತರಬೇತಿಗೆ ನಾಂದಿ ಹಾಡಿದವು. 2000ದಿಂದ 2010ರವರೆಗಿನ ಅವಧಿಯನ್ನು ಜಗತ್ತಿನಾದ್ಯಂತ ‘ಮೂಳೆ ಮತ್ತು ಕೀಲುಗಳ ದಶಕ’ವೆಂದು ಆಚರಿಸಲಾಯಿತು. 2010ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಸೂತ್ರಗಳು ಮೂಳೆ ಸವೆಯುವ ಮೊದಲೇ ರೋಗವನ್ನು ಗುರುತಿಸಲು ಅನುವು ಮಾಡಿದವು. 1990ರ ದಶಕದ ಕೊನೆಯಲ್ಲಿ ಬಂದ ಜೈವಿಕ ಔಷಧಗಳು ಅಡಗಿದ ಕ್ಷಯವನ್ನು ಕೆರಳಿಸಬಲ್ಲವೆಂದು 2001ರಲ್ಲಿ ತಿಳಿದುಬಂದಾಗ, ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದ ವೈದ್ಯರು ಹೆಚ್ಚಿನ ಎಚ್ಚರ ವಹಿಸಬೇಕಾಯಿತು. 2014ರ ಕೊನೆಯಲ್ಲಿ ಅಡಾಲಿಮುಮಾಬ್ ಎಂಬ ಜೈವಿಕ ಔಷಧದ ಸಮಾನರೂಪವನ್ನು ಭಾರತೀಯ ಸಂಸ್ಥೆಯೊಂದು ಜಗತ್ತಿನಲ್ಲಿಯೇ ಮೊದಲು ಮಾರುಕಟ್ಟೆಗೆ ತಂದಿತು. ಆಯುರ್ವೇದ ಚಿಕಿತ್ಸೆಯನ್ನು ಮೆಥೊಟ್ರೆಕ್ಸೇಟಿನೊಡನೆ ಹೋಲಿಸಿದ, 43 ರೋಗಿಗಳನ್ನೊಳಗೊಂಡ ಚಿಕ್ಕದಾದರೂ ಶಿಸ್ತಿನ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಎರಡು ಪರಂಪರೆಗಳು ನಿಂದೆಯಿಲ್ಲದೆ ಪರೀಕ್ಷೆಗೆ ನಿಲ್ಲಬಹುದೆಂಬುದಕ್ಕೆ ಇದು ನಿದರ್ಶನ.

ಆದರೆ ತಜ್ಞರು ಮಹಾನಗರಗಳಲ್ಲಿ ನೆಲೆಸಿದರೆ, ರೋಗಿಗಳು ಹಳ್ಳಿಗಳಲ್ಲಿ ನೆಲೆಸಿದ್ದಾರೆ. ಈ ಅಂತರವನ್ನು ತುಂಬಬಲ್ಲವರು ಸಾಮಾನ್ಯ ವೈದ್ಯರೇ. 2019ರಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ವೈದ್ಯಕೀಯ ಪಠ್ಯಕ್ರಮ ಕೀಲುರೋಗಗಳಿಗೆ ಪ್ರತ್ಯೇಕ ಭಾಗವನ್ನು ಕೊಟ್ಟಿರುವುದು ಸ್ವಾಗತಾರ್ಹ. ಕಲಿಕೆ ವಾರ್ಡಿನಿಂದ ಹೊರರೋಗಿ ವಿಭಾಗಕ್ಕೂ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಇಳಿದಾಗ ಮಾತ್ರ ಅದು ಫಲಿಸೀತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಕೀಲುಬೇನೆಯ ವಿಷಯದಲ್ಲಿ ನಮ್ಮ ವೈದ್ಯರ ಅರಿವಿನ ಕೊರತೆ ವ್ಯಕ್ತಿಗಳ ಅಲಕ್ಷ್ಯದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಚರಿತ್ರೆಯಿಂದ ಹುಟ್ಟಿದ್ದು. ನೂರು ರೋಗಗಳಿಗೆ ಒಂದೇ ಹೆಸರಿಟ್ಟ ರೂಢಿ, ಕೊಲ್ಲುವ ರೋಗಗಳಿಗೆ ಆದ್ಯತೆ ಕೊಟ್ಟ ಶಿಕ್ಷಣ, ಎಚ್ಚರಿಕೆಯಿಲ್ಲದೆ ಬಂದ ಔಷಧ, ರೋಗಿಗಿಂತ ಚೀಟಿಯನ್ನು ನಂಬಿದ ಅಭ್ಯಾಸ, ಹೆಣ್ಣಿನ ನೋವಿಗೆ ಕಿವಿಗೊಡದ ಸಮಾಜ, ಇವೆಲ್ಲ ಸೇರಿ ಈ ಕೊರತೆಯನ್ನು ರೂಪಿಸಿವೆ. ಚರಿತ್ರೆಯಿಂದ ಬಂದುದನ್ನು ಪ್ರಯತ್ನದಿಂದ ತಿದ್ದಬಹುದು. ಔಷಧ ಅಗ್ಗವಾಗಿದೆ, ಲಕ್ಷಣಗಳು ಕಣ್ಣಿಗೆ ಕಾಣುವಂತಿವೆ. ಸಕಾಲದಲ್ಲಿ ಗುರುತಿಸುವುದೊಂದೇ ಉಳಿದಿರುವ ಕೆಲಸ. ಬೆಳಗ್ಗೆ ಎದ್ದು ಬೆರಳು ಮಡಚಲಾಗದ ಹೆಂಗಸಿಗೆ ‘ವಾತ, ವಯಸ್ಸಾಯಿತು’ ಎಂದು ಹೇಳಿ ಕಳುಹಿಸುವ ಬದಲು ‘ಎಷ್ಟು ಹೊತ್ತು ಹೀಗಿರುತ್ತದೆ, ತಾಯಿ?’ ಎಂದು ವೈದ್ಯನು ಕೇಳುವ ಒಂದು ಪ್ರಶ್ನೆಯಲ್ಲಿ ಆಕೆಯ ಕೈಗಳ ಭವಿಷ್ಯ ಅಡಗಿದೆ.